ಅಮ್ಮನ ಜೊತೆ ವಿಂಡ್ಸರ್‌ಗೆ

ನೆವಿಲ್,

ನಿನ್ನೆ ಅಮ್ಮನನ್ನು ವಿಂಡ್ಸರ್ ಕೋಟೆ ನೋಡಲು ಕರೆದುಕೊಂಡು ಹೋಗಿದ್ದೆ. ಏರುದಾರಿಯುದ್ದಕ್ಕೂ ಅವಳ ಮಡಚುವ ಕುರ್ಚಿ ಹೊತ್ತವಳು ನಾನು, ಹೊಗಳಿಸಿಕೊಂಡವನು ನೀನು. ಟಿಕೆಟ್ ಕೊಡುವವಳ ಹತ್ತಿರವೂ ಅದೇ ಮಾತು: "ನನ್ನ ಮಗ ಬಂದಿದ್ರೆ ಬಾಗಿಲ ತನಕ ಕಾರು ತರ್ತಿದ್ದ."

"ಅವನಿಗೆ ಕಾರು ಓಡಿಸೋಕೇ ಬರಲ್ಲ ಅಮ್ಮ," ಎಂದೆ.

"ಬೆರಿಲ್, ನಿನಗೆ ಅವನನ್ನ ಕಂಡ್ರೆ ಮೊದಲಿಂದ್ಲೂ ಆಗಲ್ಲ."

ಚಹಾದಂಗಡಿಯಲ್ಲಿ ಜ್ಯಾಮ್ ಹಚ್ಚಿದ ಅರ್ಧ ಸ್ಕೋನ್ ಬನ್ನನ್ನು ಕಾಗದದಲ್ಲಿ ಸುತ್ತಿ, "ನೆವಿಲ್‌ಗೆ ಕೊಡು" ಎಂದಳು. ಅಪ್ಪನನ್ನು ಮಣ್ಣು ಮಾಡಿದ ದಿನ ನಾನು ನಿನ್ನನ್ನು ಮನೆಯಿಂದ ಆಚೆ ಕಳಿಸಿದ್ದು ಅವಳಿಗೀಗ ನೆನಪಿಲ್ಲ. ರೈಲಿನಲ್ಲಿ ಅವಳು ತೂಕಡಿಸುತ್ತಿದ್ದಾಗ ಸಿಟ್ಟಿಗೆ ಆ ಬನ್ನನ್ನು ನಾನೇ ತಿಂದೆ.

ಮನೆಗೆ ಬಂದ ಮೇಲೆ ಕೇಳಿದಳು, "ಕೊಟ್ಯಾ?"

"ಕೊಟ್ಟೆ."

"ಏನಂದ?"

"ಚೆನ್ನಾಗಿದೆ ಅಂದ. ಭಾನುವಾರ ಬರ್ತಾನಂತೆ."

ಬೆಳಿಗ್ಗೆಯೇ ಎದ್ದು ನಿನ್ನ ಕೋಣೆಯ ಹಾಸಿಗೆಗೆ ಒಗೆದ ಹೊದಿಕೆ ಹಾಸಿದ್ದಾಳೆ. ನಿನ್ನ ವಿಳಾಸ ನನ್ನ ಬಳಿ ಇಲ್ಲ.