ಶ್ಯಾಮಲಕ್ಕನ ಮುಖ

ಮಾಲೂರು
೧೮ ಜುಲೈ ೨೦೦೪

ಪ್ರೀತಿಯ ಅಮ್ಮನಿಗೆ ಮೃದುಲಾ ಮಾಡುವ ನಮಸ್ಕಾರ.

ನೀನು ಮುಳಬಾಗಿಲು ಸೇರಿದೆಯೆಂದು ಅಪ್ಪ ಫೋನಿನಲ್ಲಿ ಹೇಳಿದರು. ನೀನು ಮಾತಾಡಲಿಲ್ಲ. ಅದಕ್ಕೇ ಈ ಕಾಗದ.

ಹೋದ ವಾರ ನೀನು ಬಂದು, ಶ್ಯಾಮಲಕ್ಕನ ಚಿತ್ರ ಬರೆದುಕೊಡ್ತೀಯೇನೇ ಅಂತ ಕೇಳಿದೆ. ನಾನು ಹುಟ್ಟುವ ಮೊದಲೇ, ನಾಲ್ಕು ವರ್ಷಕ್ಕೇ ಜ್ವರದಲ್ಲಿ ಹೋದ ಅಕ್ಕ. ಒಂದು ಫೋಟೋ ಕೂಡ ಇಲ್ಲ. ಅವಳ ಹೆಸರೆತ್ತಿದರೆ ಅಪ್ಪ ಊಟ ಬಿಟ್ಟು ಏಳುತ್ತಾರೆಂದು ನೀನೇ ನನ್ನ ಬಾಯಿ ಮುಚ್ಚಿಸುತ್ತಿದ್ದೆ. ಕಾಣದ ಮುಖವನ್ನು ಹೇಗೆ ಬರೆಯಲಿ?

ಮೊದಲು ಮನೆಯಲ್ಲೇ ಪೆನ್ಸಿಲಿನಲ್ಲಿ ಶುರು ಮಾಡಿದೆ. ನೀನು ಹೇಳುತ್ತಾ ಹೋದೆ, ನಾನು ಅಳಿಸುತ್ತಾ ಹೋದೆ. ಎರಡನೆಯ ದಿನಕ್ಕೆ ಕೂದಲು, ಕೊರಳು, ಫ್ರಾಕಿನ ಕಾಲರು ಚೆನ್ನಾಗಿ ಕೂತವು. ಮುಖದ ಜಾಗದಲ್ಲಿ ಮಾತ್ರ ಕಾಗದ ಸವೆದು ತೂತಾಯಿತು. ನೀನು ಅದನ್ನೇ ನೋಡುತ್ತಾ, ಹೋಗ್ಲಿ ಬಿಡೇ, ನನಗೇ ಮರೆತುಹೋಗಿದೆ ಅಂದೆ. ಆ ಮಾತನ್ನು ನನ್ನಿಂದ ತಡೆದುಕೊಳ್ಳಲಾಗಲಿಲ್ಲ.

ಅದಕ್ಕೇ ನಿನ್ನನ್ನು ನಾನು ಕೆಲಸ ಮಾಡುವ ಸ್ಟುಡಿಯೋಗೆ ಕರೆದುಕೊಂಡು ಹೋದದ್ದು. ಹರಿದ ಕಾಗದವನ್ನೇ ಸ್ಕ್ಯಾನ್ ಮಾಡಿ, ಪೆನ್ಸಿಲಿನಲ್ಲಿ ಬರೆದ ಕೂದಲು, ಕೊರಳನ್ನು ಹಾಗೇ ಉಳಿಸಿಕೊಂಡು, ಮುಖವನ್ನಷ್ಟೇ ಕಂಪ್ಯೂಟರಿಗೆ ಜೋಡಿಸಿದ ಹಲಗೆಯ ಮೇಲೆ ಅದರ ಪೆನ್ನಿನಿಂದ ಬರೆದೆ. ಅಲ್ಲಿ ಎಷ್ಟು ಅಳಿಸಿದರೂ ಸವೆಯುವುದಿಲ್ಲ. ಕಣ್ಣು ಅಷ್ಟು ದೊಡ್ಡದಲ್ಲ ಕಣೇ ಅಂತ ನೀನಂದೆ, ನಾನು ಕಿರಿದು ಮಾಡಿದೆ. ಗಲ್ಲ ನಿಮ್ಮಜ್ಜಿಯದೇ ಅಂದೆ, ತಿದ್ದಿದೆ. ಕಿವಿಗೆ ನಾನೇ ಓಲೆಯನ್ನೂ ಇಟ್ಟೆ. ಆದರೂ ಯಾರದೋ ಮಗುವಿನ ಹಾಗಿತ್ತು. ಆಗ ನೀನು ಇದ್ದಕ್ಕಿದ್ದಂತೆ, ಒರಳಿನ ಮೇಲೆ ಬಿದ್ದು ಎಡಹುಬ್ಬು ಸೀಳಿತ್ತು, ಅಲ್ಲಿ ಮತ್ತೆ ಕೂದಲು ಬರಲೇ ಇಲ್ಲ ಅಂದೆ. ಹುಬ್ಬಿನ ನಡುವೆ ಒಂದು ಗೆರೆಯಷ್ಟು ಜಾಗ ಬಿಟ್ಟೆ.

ನೀನು ಆ ಹುಬ್ಬನ್ನು ಪರದೆಯ ಮೇಲೇ ಬೆರಳಿನಿಂದ ಸವರಿದೆ. ಪರದೆ ಮುಟ್ಟಿದರೆ ಗದರುವ ಸ್ಟುಡಿಯೋದ ಯಜಮಾನರು ಚಂದ್ರಮೋಹನ್ ಕೂಡ ಸದ್ದಿಲ್ಲದೆ ಎದ್ದು ಹೊರಗೆ ಹೋದರು. ಆಮೇಲೆ ನೀನು ಬಸ್ಸಿಗೆ ಹೊತ್ತಾಯ್ತು ಅಂತ ಹೊರಟೇಬಿಟ್ಟೆ, ಚಿತ್ರ ತೆಗೆದುಕೊಳ್ಳದೆ.

ತಪ್ಪು ಮಾಡಿದೆನೋ ಅಂತ ಎರಡು ದಿನ ಕೊರಗಿದೆ. ಒಂದು ಮಾತು ಒಪ್ಪಿಕೊಳ್ಳುತ್ತೇನಮ್ಮ. ಚಿಕ್ಕಂದಿನಲ್ಲಿ ನನಗೆ ಅವಳ ಮೇಲೆ ಹೊಟ್ಟೆಕಿಚ್ಚಿತ್ತು. ನನ್ನ ತಲೆ ಬಾಚುತ್ತಾ ನೀನು ಸುಮ್ಮನಾಗಿಬಿಟ್ಟರೆ, ಅವಳನ್ನೇ ನೆನೆಯುತ್ತಿದ್ದೀಯ ಅನಿಸುತ್ತಿತ್ತು. ಆ ಮುಖ ಬರೆಯುತ್ತಾ ಬರೆಯುತ್ತಾ ಅದೆಲ್ಲ ಹೋಯಿತು. ಈಗ ಅವಳು ನನಗೂ ಅಕ್ಕ.

ಚಿತ್ರವನ್ನು ಎರಡು ರಟ್ಟಿನ ನಡುವೆ ಇಟ್ಟು ಇದರ ಜೊತೆ ಕಳಿಸಿದ್ದೇನೆ. ಗೋಡೆಗೆ ಹಾಕಲೇಬೇಕೆಂದಿಲ್ಲ, ಸೀರೆಯ ಮಡಿಕೆಯಲ್ಲಿ ಇಟ್ಟುಕೊಂಡರೂ ಸರಿ. ಮೊಣಕಾಲಿಗೆ ಎಣ್ಣೆ ಹಚ್ಚುವುದು ಮರೆಯಬೇಡ.

ನಿನ್ನ ಮಗಳು,
ಮೃದುಲಾ

ತಾ.ಕ.: ನಿನಗೆ ಹೇಳಬಾರದೆಂದು ಅಪ್ಪ ಮಾತು ತೆಗೆದುಕೊಂಡಿದ್ದಾರೆ, ಆದರೂ ಹೇಳುತ್ತೇನೆ. ಚಿತ್ರದ ವಿಷಯ ಫೋನಿನಲ್ಲಿ ಅಪ್ಪನಿಗೆ ಬಾಯಿತಪ್ಪಿ ಹೇಳಿಬಿಟ್ಟಿದ್ದೆ. ನಿನ್ನೆ ಒಬ್ಬರೇ ಸ್ಟುಡಿಯೋಗೆ ಬಂದರು. ತುಂಬಾ ಹೊತ್ತು ನೋಡಿ, ಕಿವಿಯ ಓಲೆ ತೆಗೆದುಬಿಡಮ್ಮ, ಚುಚ್ಚುವಾಗ ಮಗು ಅತ್ತಳೂಂತ ನಾನೇ ಬೇಡ ಅಂದಿದ್ದೆ ಅಂದರು. ತೆಗೆದಿದ್ದೇನೆ. ಜೇಬಿಗೆ ಹಿಡಿಯುವಷ್ಟು ಚಿಕ್ಕದೊಂದು ಪ್ರತಿ ಮಾಡಿಸಿಕೊಂಡು ಹೋದರು.