ಬರೇ ಉಡೀಲೆ ಕಳಿಸಬಾರದು

ನವೆಂಬರ್ 4, ಮಂಗಳವಾರ

ಎದ್ದ ಕೂಡಲೇ ಫೋನು, ಆಮೇಲೆ ಕನ್ನಡಕ. ಎರಡು ತಿಂಗಳಿಂದ ಇದೇ ನಡೆದಿದೆ. ಹೆಲ್ಸಿಂಕಿಯಲ್ಲಿ ಆ ಹೊತ್ತಿಗೆ ಎಲ್ಲರೂ ಮಲಗಿರುತ್ತಾರೆ, ಯಾರು ಮೇಲ್ ಬರೆಯುತ್ತಾರೆ? ಆದರೂ ನೋಡುತ್ತೇನೆ.

ಇವತ್ತು ಇತ್ತು! ನಿನ್ನೆ ರಾತ್ರಿಯೇ ಬಂದದ್ದು, ಎರಡೇ ಸಾಲು. ನಮ್ಮ ಸಂಸ್ಥೆಯ ಮುಖ್ಯಸ್ಥೆ ಮಾರ್ಯಾತ್ತಾ ತಾನೇ ಬರುತ್ತಾಳಂತೆ, ಸೋಮವಾರ. ಇಳಕಲ್ಲಿನ ಮಗ್ಗ ನೋಡಲು. ನನ್ನನ್ನು ನೋಡಲು ಅಂತಲೂ ಓದಿಕೊಳ್ಳಬಹುದು — ಓದಿಕೊಂಡೆ.

ನನ್ನ ಕೆಲಸ ಆಕೆಯ ಕೈಯಲ್ಲಿದೆ. ಭಾರತ, ವಿಯೆಟ್ನಾಂ, ಪೆರು — ಈ ದೇಶಗಳ ನೇಕಾರರಿಗೂ ಅಲ್ಲಿಯ ಅಂಗಡಿಗಳಿಗೂ ನಡುವೆ ನಿಂತು ಮಾತಾಡುವ ಹುದ್ದೆ. ಈಗ ಪ್ರೊಬೇಶನ್. ಇಳಕಲ್ಲಿನವರು ಶಾಲು ನೇಯಲು ಒಪ್ಪಿ ಈ ಭೇಟಿ ಸರಿಯಾಗಿ ನಡೆದರೆ ಖಾಯಂ, ಹೆಲ್ಸಿಂಕಿ ಆಫೀಸು. ಇಲ್ಲವಾದರೆ ಬಾಗಲಕೋಟೆಯ ಕಾಲೇಜು, ಮತ್ತೆ ಫಸ್ಟ್ ಸೆಮ್ ಇಂಗ್ಲಿಷ್.

ನಲವತ್ತು ದಾಟಿದ ಮೇಲೆ ಫಿನ್‌ಲ್ಯಾಂಡಿಗೆ ಹೋಗಿ ಎರಡು ವರ್ಷ ಇಂಟರ್‌ಕಲ್ಚರಲ್ ಕಮ್ಯುನಿಕೇಶನ್ ಓದಿದೆ. ಅದೇನೆಂದು ಓಣಿಯವರಿಗೆ ಇವತ್ತಿಗೂ ವಿವರಿಸಲು ಬಂದಿಲ್ಲ. ಅಮ್ಮನ ಉತ್ತರ ಎಲ್ಲರಿಗೂ ಒಂದೇ: "ಮಂದಿ ಜೋಡಿ ಹೆಂಗ ಮಾತಾಡಬೇಕಂತ ಕಲ್ತ ಬಂದಾಳ್ರಿ. ಮನ್ಯಾಗ ಇನ್ನೂ ಶುರು ಮಾಡಿಲ್ಲ."

ನವೆಂಬರ್ 7, ಶುಕ್ರವಾರ

ಮಾರ್ಯಾತ್ತಾಳಿಗೆ ಬರೆದು ಕಳಿಸಿದೆ: ಚಪ್ಪಲಿ ಹೊರಗೆ ಬಿಡು. ಊಟ ಬೇಡ ಅನ್ನಬೇಡ. ಮಕ್ಕಳೆಷ್ಟು, ಪಗಾರ ಎಷ್ಟು ಅಂತ ಕೇಳುತ್ತಾರೆ, ಬೇಸರ ಮಾಡಿಕೊಳ್ಳಬೇಡ. ನೋಡಲು ಅರ್ಧ ಓಣಿ ಬಂದು ನಿಲ್ಲುತ್ತದೆ, ನಗುತ್ತಿರು.

ನಮ್ಮ ಪ್ರೊಫೆಸರ್ ಹೇಳುತ್ತಿದ್ದರು — ಯಾರೂ ಕಲಿಸದೆ ನಿಮಗೆ ಗೊತ್ತಿರುವುದನ್ನು ಮೊದಲು ಬರೆಯಿರಿ. ಎಲ್ಲ ಬರೆದಿದ್ದೇನೆ ಅನ್ನಿಸುತ್ತಿದೆ. ಹಾಗೆ ಅನ್ನಿಸಿದಾಗಲೇ ನನಗೆ ಹೆದರಿಕೆ.

ಇಳಕಲ್ಲಿನ ಗೋವಿಂದಪ್ಪ ಕಾಕಾನಿಗೂ ಫೋನ್ ಮಾಡಿದೆ. ಎರಡು ತಿಂಗಳಿಂದ ಅವರ ಮಗ್ಗದ ಮನೆಯಲ್ಲೇ ನನ್ನ ಓಡಾಟ. ಮಾರ್ಯಾತ್ತಾಳದು ಮಾತು ಕಡಿಮೆ, ಸಿಟ್ಟು ಅಂತ ತಿಳಿಯಬೇಡಿ ಎಂದೆ. "ನಮ್ಮಾಕಿ ಎರಡೂ ಮಂದೀದು ಮಾತಾಡ್ತಾಳ, ಚಿಂತಿ ಬಿಡು" ಅಂದರು. ಹಿಂದಿನಿಂದ ಅವರ ಹೆಂಡತಿ ಯಮನವ್ವ ಕಾಕುವಿನ ದನಿ: "ಏನಂದ್ರಿ?"

ಆ ದೇಶದ ಮೌನ ನನಗೆ ಗೊತ್ತು. ಮೊದಲ ಚಳಿಗಾಲ, ಕ್ಲಾಸಿನಲ್ಲಿ ಯಾರೂ ಮಾತಾಡದಿದ್ದಾಗಲೆಲ್ಲ ನಾನೇ ಬಾಯಿ ಹಾಕುತ್ತಿದ್ದೆ. ಒಬ್ಬ ಹುಡುಗಿ ಮೆಲ್ಲಗೆ ಹೇಳಿದಳು, "ಶೀಲಾ, ನಾವು ಯೋಚಿಸುತ್ತಿದ್ದೇವೆ." ನಾಚಿಕೆಯಿಂದ ಸತ್ತೆ. ಕಲಿತೆ.

ನವೆಂಬರ್ 10, ಸೋಮವಾರ. ಮಧ್ಯಾಹ್ನ, ಇಳಕಲ್ಲು

ಬರೆಯದೇ ಇರಲಾರೆ! ಕಾಕಾನ ಕಟ್ಟೆ ಮೇಲೆ ಕೂತಿದ್ದೇನೆ. ಒಳಗೆ ಮಗ್ಗದ ಸದ್ದು, ಮಾರ್ಯಾತ್ತಾಳ ಕ್ಯಾಮೆರಾ.

ಬಾದಾಮಿಯ ಹೋಟೆಲಿನಿಂದ ಆಕೆಯನ್ನು ಕರೆದುಕೊಂಡು ಬಂದೆವು. ಅಮೀನಗಡದಲ್ಲಿ ಚಹಾಕ್ಕೆ ನಿಂತಾಗ ಸಣ್ಣದೊಂದು ಜಗಳ. ಡ್ರೈವರ್ ನಬಿಸಾಬರು ಮೂವರದೂ ಕೊಟ್ಟುಬಿಟ್ಟಿದ್ದರು. ಮಾರ್ಯಾತ್ತಾ ತನ್ನ ಪಾಲಿನ ರೊಕ್ಕ ಅವರ ಮುಂದೆ ಹಿಡಿದಳು. "ಏನ್ರಿ ಮೇಡಂ, ಒಂದ ಚಾ ಕುಡಿಸೋವಷ್ಟೂ ಗತಿ ಇಲ್ಲೇನ್ರಿ ನನಗ?" ನಕ್ಕೆ. ನಕ್ಕು ಮರೆತೆ.

ಹುನಗುಂದ ಬಂದಾಗ ಇನ್ನೊಂದು ಕಿಟಕಿಯ ಕಡೆ ನೋಡಿದೆ. ನನ್ನ ಗಂಡ ಸಂತೋಷನ ಊರು.

ಆಮೇಲೆ ಸೀರೆ. ಕಾಕಾ ಕೆಂಪು ಸೆರಗು ಬಿಚ್ಚಿ ಚಾಪೆ ಮೇಲೆ ಹರಡಿದರು. ಮಾರ್ಯಾತ್ತಾ ಬಗ್ಗಿ ನೋಡಿದಳು. ಮಾತಿಲ್ಲ. ನೋಡುತ್ತಲೇ ಇದ್ದಳು. ಕಾಕಾ ಬೆವರತೊಡಗಿದರು.

"ರೇಟ ಜಾಸ್ತಿ ಆತಂದ್ರ ಹೇಳ್ರಿ, ಕಮ್ಮಿ ಮಾಡೋಣು."

ಮಾತಿಲ್ಲ.

"ಇನ್ನೂ ಕಮ್ಮಿ ಮಾಡೋಣು."

"ಕಾಕಾ, ಸುಮ್ನಿರ್ರಿ," ಅಂದೆ. "ಆಕಿಗೆ ಭಾಳ ಮನಸ್ಸಿಗೆ ಬಂದೈತಿ."

"ಮನಸ್ಸಿಗೆ ಬಂದ್ರ ಬಾಯಿ ಬಿಡಬಾರ್ದೇನು? ಮಗಳನ್ನ ನೋಡಾಕ ಬಂದ ಬೀಗರೂ ಹಿಂಗ ಕುಂತಿರಲಿಲ್ಲಬೇ!"

ಮಾರ್ಯಾತ್ತಾಳಿಗೆ ಹೇಳಿದೆ: ನಿನ್ನ ಮೌನಕ್ಕೆ ಹೆದರಿ ಬೆಲೆ ಇಳಿಸುತ್ತಿದ್ದಾರೆ. ಆಕೆ ಗಾಬರಿಯಾಗಿ ಎದ್ದು ನಿಂತಳು. ಮೊದಲು ಹೇಳಿದ ಬೆಲೆಯೇ ಇರಲಿ, ಇಂಥ ಕೆಲಸ ತಾನು ಎಲ್ಲೂ ನೋಡಿಲ್ಲ. ಹೇಳಿದೆ. ಕಾಕಾ ನಕ್ಕರು. ಎಲ್ಲರೂ ನಕ್ಕರು. ಎರಡು ವರ್ಷದ ಓದು ಆ ಒಂದು ನಿಮಿಷದಲ್ಲಿ ಕೈಗೆ ಬಂತು. ಇದೇ ನನ್ನ ಕೆಲಸ. ಇದನ್ನು ಮಾಡಬಲ್ಲೆ!

ಅದೇ ದಿನ. ಸಂಜೆ

ಮಾಡಬಲ್ಲೆನೇ?

ಹೊರಡುವ ಹೊತ್ತು. ನಾನಾಗಲೇ ಹೊರಗೆ ಬಂದು ಚಪ್ಪಲಿ ಮೆಟ್ಟುತ್ತಿದ್ದೆ. ಒಳಗೆ ಮಾತು ನಿಂತಿತು. ಇದು ಮಾರ್ಯಾತ್ತಾಳ ಮೌನವಲ್ಲ, ನಮ್ಮದು. ಓಡಿದೆ.

ಯಮನವ್ವ ಕಾಕು ಮೊರ ಹಿಡಿದು ನಿಂತಿದ್ದಳು — ಅಕ್ಕಿ, ಬೆಲ್ಲ, ಕೊಬ್ಬರಿ ಬಟ್ಟಲು, ಎಲೆ ಅಡಿಕೆ, ಕುಂಕುಮದ ಬಟ್ಟಲು, ಮೇಲೆ ಮಡಿಚಿದ ಕುಪ್ಪಸದ ಖಣ. ಮಾರ್ಯಾತ್ತಾ ಎರಡೂ ಕೈ ಅಡ್ಡ ಹಿಡಿದಿದ್ದಳು. ಬೇಡ. ಆಗುವುದಿಲ್ಲ.

ನೇಕಾರರಿಂದ ಏನನ್ನೂ ಉಡುಗೊರೆಯಾಗಿ ಪಡೆಯುವಂತಿಲ್ಲ — ಸಂಸ್ಥೆಯ ನಿಯಮ. ನನಗೆ ಗೊತ್ತಿತ್ತು. ಮನೆಗೆ ಬಂದ ಹೆಣ್ಣುಮಗಳನ್ನು ಉಡಿ ತುಂಬದೆ, ಮಡಿಲಿಗೆ ಅಕ್ಕಿ ಹಾಕದೆ ಕಳಿಸುವುದಿಲ್ಲ — ಇದೂ ಗೊತ್ತಿತ್ತು. ಎರಡೂ ಒಂದೇ ತಲೆಯಲ್ಲಿದ್ದವು. ಒಂದಕ್ಕೊಂದು ಭೇಟಿಯಾಗಿರಲಿಲ್ಲ.

"ಯಾಕಬೇ ಯವ್ವಾ, ನಮ್ಮ ಮನಿ ಅಕ್ಕಿ ಆಕಿಗೆ ಹೊಲಸ ಕಂಡತೇನು?"

ನಿಯಮ ವಿವರಿಸಿದೆ. ಕಾಕಾ ಕೇಳಿದರು. ಆಮೇಲೆ ಸೀರೆ ಮಡಿಚುತ್ತ, "ನಿಯಮ ಇರಲಿ. ಹೆಣ್ಣಮಗಳು ಬರೇ ಉಡೀಲೆ ಹೊಸ್ತಲಾ ದಾಟಿದ ಮನ್ಯಾಗ ನಾವು ಹೊಸಾ ಮಗ್ಗ ಹೂಡಂಗಿಲ್ಲ. ಬ್ಯಾರೆ ಯಾರರೆ ಸಿಗ್ತಾರೇನ ನೋಡ್ರಿ."

ನೋಡ್ರಿ. ಇಷ್ಟು ದಿನ ನೀ ಅನ್ನುತ್ತಿದ್ದವರು ನನಗೂ ರಿ ಹಚ್ಚಿದರು.

ಬಾದಾಮಿ ತನಕ ಮಾರ್ಯಾತ್ತಾ ಮಾತಾಡಲಿಲ್ಲ. ಈ ಸಲ ಆ ಮೌನ ನನಗೆ ಓದಲು ಬರಲಿಲ್ಲ.

ನವೆಂಬರ್ 11, ಮಂಗಳವಾರ

ಎಷ್ಟೊಂದು ನಡೆಯಿತು. ಸಾಲಾಗಿ ಬರೆಯಬೇಕು.

ಬೆಳಿಗ್ಗೆ ಬಾದಾಮಿಯ ಅಗಸ್ತ್ಯ ತೀರ್ಥದ ಮೆಟ್ಟಿಲು. ಬಟ್ಟೆ ಒಗೆಯುವವರ ಸದ್ದು. ನಾನು ಬರೆದು ಕಳಿಸಿದ ಟಿಪ್ಪಣಿಯಲ್ಲಿ ಇದು ಹೇಗೆ ಬಿಟ್ಟುಹೋಯಿತು ಅಂತ ಮಾರ್ಯಾತ್ತಾ ಕೇಳಿದಳು. ಸುಳ್ಳು ಹೇಳಬಹುದಿತ್ತು — ಗಡಿಬಿಡಿ, ಮರೆವು. ಕೆಲಸ ಉಳಿಯುತ್ತಿತ್ತೇನೋ.

ನಿಜ ಹೇಳಿದೆ. ಸಂತೋಷ ತೀರಿಕೊಂಡು ಆರು ವರ್ಷ. ಆಮೇಲೆ ಯಾರ ಮನೆಯಲ್ಲೂ ನನಗೆ ಉಡಿ ತುಂಬಿಲ್ಲ. ಗಂಡ ಇಲ್ಲದವರಿಗೆ ತುಂಬುವುದಿಲ್ಲ. ಯಾರಿಗೂ ಮುಜುಗರ ಆಗದಿರಲಿ ಅಂತ, ಮೊರ ಬರುವ ಮೊದಲೇ ನಾನೇ ಎದ್ದು ಹೊರಗೆ ಬರುತ್ತೇನೆ. ಎಷ್ಟು ರೂಢಿಯಾಗಿದೆಯೆಂದರೆ, ಊರಿನ ರೀತಿಗಳನ್ನು ನಿನಗೆ ಬರೆಯುವಾಗಲೂ ಎದ್ದು ಹೊರಗೆ ಬಂದಿದ್ದೇನೆ.

ಒಂದು ಹೇಳಲಿಲ್ಲ. ಓದಲು ಫಿನ್‌ಲ್ಯಾಂಡಿಗೆ ಹೊರಟ ದಿನ ಅಮ್ಮನೂ ಉಡಿ ತುಂಬಲಿಲ್ಲ, ಕೈಗೆ ಕರದಂಟಿನ ಡಬ್ಬಿ ಇಟ್ಟಳು, ಅಷ್ಟೇ. ಇಬ್ಬರೂ ಆ ಮಾತು ತೆಗೆಯಲಿಲ್ಲ.

ಮಾರ್ಯಾತ್ತಾ ನೀರು ನೋಡುತ್ತ ಕೂತಳು. ನಾನು ಕಾದೆ.

"ನನ್ನ ಗಂಡನೂ ಇಲ್ಲ," ಅಂದಳು. "ಅದು ಗೊತ್ತಾದರೆ ಆಕೆ ನನಗೂ ತುಂಬುವುದಿಲ್ಲವೇ?"

ಗೊತ್ತಿಲ್ಲ ಅಂದೆ. ಮುಚ್ಚಿಟ್ಟರೆ ಸುಲಭ. ಪರದೇಶದ ಹೆಂಗಸು, ಯಾರೂ ಕೇಳುವುದಿಲ್ಲ.

"ಮುಚ್ಚಿಟ್ಟು ತೆಗೆದುಕೊಳ್ಳುವುದಿಲ್ಲ. ಹೋಗಿ ಕೇಳೋಣ."

ನಬಿಸಾಬರು ಯಾಕೆಂದು ಕೇಳದೆ ಗಾಡಿ ಚಾಲೂ ಮಾಡಿದರು. ಅಮೀನಗಡದಲ್ಲಿ ಅವರು ಕೊಡಿಸಿದ ಚಹಾ ಮಾರ್ಯಾತ್ತಾ ಕುಡಿದಳು, ರೊಕ್ಕ ತೆಗೆಯಲಿಲ್ಲ. "ಈಗ ಮನಷ್ಯಾರಾದ್ರಿ ನೋಡ್ರಿ," ಅಂದರು. ಅನುವಾದ ಮಾಡಲಿಲ್ಲ.

ಕಾಕಾ ಮಗ್ಗದಿಂದ ಏಳಲಿಲ್ಲ. ಯಮನವ್ವ ಕಾಕುವಿನ ಮುಂದೆ ಕೂತು ಎಲ್ಲ ಹೇಳಿದೆ. ಸಂಸ್ಥೆಯಲ್ಲಿ ಉಡುಗೊರೆ ಯಾಕೆ ಬೇಡ — ಒಬ್ಬರು ಕೊಟ್ಟರೆಂದು ಕೊಡಲಾಗದವರಿಗೆ ಕೆಲಸ ತಪ್ಪಬಾರದು ಅಂತ. ತಪ್ಪು ನನ್ನದು, ಮೊದಲೇ ತಿಳಿಸಲಿಲ್ಲ. ಮತ್ತೆ, "ಕಾಕೂ, ಇವರ ಗಂಡನೂ ಇಲ್ರಿ. ಮುಚ್ಚಿಡಬ್ಯಾಡ, ಹೇಳು ಅಂದ್ರು."

ಕಾಕು ಮಾರ್ಯಾತ್ತಾಳನ್ನು ಬಹಳ ಹೊತ್ತು ನೋಡಿದಳು. ಈಗ ಮಾರ್ಯಾತ್ತಾ ಬೆವರಿದಳು. ಕಾಕು ಎದ್ದು ಒಳಗೆ ಹೋದಳು. ಅದೇ ಮೊರ ತಂದಳು. ಕುಂಕುಮದ ಬಟ್ಟಲು ಪಕ್ಕಕ್ಕಿಟ್ಟಳು. ಖಣ ತೆಗೆದು ಗಂಡನ ತೊಡೆ ಮೇಲೆ ಎಸೆದಳು.

"ಖಣ ಬ್ಯಾಡಂದ್ರ ಬ್ಯಾಡ. ಕುಂಕುಮದ ಮಾತ ಬ್ಯಾರೆ. ಹೊಟ್ಟಿಗೆ ಹತ್ತೋ ಅಕ್ಕಿಗೆ ಗಂಡ ಯಾಕ ಬೇಕಬೇ? ಆಕಿ ಸಮುದ್ರ ದಾಟಿ ಹೊಂಟಾಳ. ಅಕ್ಕಿ ಏನ ಲಂಚೇನು, ಕೇಳು."

ಕೇಳಿದೆ. ಮಾರ್ಯಾತ್ತಾ ಯೋಚಿಸಿದಳು, ನಿಜವಾಗಿಯೂ ಯೋಚಿಸಿದಳು. ನಿನ್ನೆ ಇದೇ ಮನೆಯ ಅನ್ನ ಉಂಡಿದ್ದೇನೆ, ಅದು ತಪ್ಪಲ್ಲವಾದರೆ ಇದೂ ಅಲ್ಲ ಅಂದಳು. ಸೆರಗಿಲ್ಲ, ಶರ್ಟಿನ ತುದಿ ಒಡ್ಡಿದಳು. ಕಾಕು ತುಂಬಿದಳು. ಐದು ಕಾಳು ತಿರುಗಿ ಮೊರಕ್ಕೆ ಹಾಕಿಸಿದಳು — ಕೊಟ್ಟ ಮನೆ ಬರಿದಾಗಬಾರದು ಅಂತ.

ನಾನು ಎದ್ದಿದ್ದೆ. ಗೊತ್ತಿಲ್ಲದೆಯೇ, ಬಾಗಿಲತ್ತ.

"ನೀ ಎಲ್ಲಿ ಹೊಂಟಿ? ಚಪ್ಪಲಿ ಕಾಯಾಕ ಹೋಗ್ತೀಯೇನು, ಯಾರರೆ ಕದ್ದಾರಂತ? ಬಾ ಇಲ್ಲೆ. ನೀನೂ ಅಲ್ಲೇ ಹೋಗಾಕಿ ಅಲ್ಲೇನು?"

ದುಪ್ಪಟ್ಟಾ ಒಡ್ಡಿದೆ. ಅಕ್ಕಿ ಬಿದ್ದಾಗ ಇಷ್ಟು ಭಾರ ಇರುತ್ತದೆಂದು ಮರೆತಿತ್ತು.

ಕಾಕಾ ಮಗ್ಗದಿಂದಲೇ ಕೂಗಿದರು. "ಶೀಲಾ, ಬಣ್ಣ ಯಾವುದಂತ ಕೇಳು ಆಕೀನ. ಲಗೂ ಹೇಳ ಅನ್ನು. ಮತ್ತ ಸುಮ್ನ ಕುಂತ್ರ ನನ್ನ ಕೈಲಾಗಂಗಿಲ್ಲ."

ನವೆಂಬರ್ 12, ಬುಧವಾರ

ಅಮ್ಮ ದುಪ್ಪಟ್ಟಾದ ಗಂಟು ನೋಡಿದಳು. "ಯಾರು ತುಂಬಿದ್ರು?" ಹೇಳಿದೆ. ಅಕ್ಕಿಯನ್ನು ದೊಡ್ಡ ಡಬ್ಬಿಗೆ ಸುರಿಯದೆ ಬೇರೆ ಡಬ್ಬಿಯಲ್ಲಿ ಎತ್ತಿಟ್ಟಳು.

ಡಿಸೆಂಬರ್ 2, ಮಂಗಳವಾರ

ವಿಡಿಯೋ ಕಾಲ್. ಮಾರ್ಯಾತ್ತಾ ನಮಸ್ಕಾರ ಅಂದಳು, ಆಮೇಲೆ ಸುಮ್ಮನಾದಳು. ಆ ಜಾಗವನ್ನು ತುಂಬಲಿಲ್ಲ. ಕೂತೆ.

"ನಿನ್ನ ಟಿಪ್ಪಣಿಯಲ್ಲಿ ನೀನೇ ಇರಲಿಲ್ಲ," ಅಂದಳು. "ಮುಂದಿನದರಲ್ಲಿ ಇರು. ಜನವರಿಗೆ ಬಾ. ವಸಂತಕ್ಕೆ ಪೆರು."

ಖಾಯಂ! ಪೆರು! ಅಡಿಗೆಮನೆಗೆ ಓಡಿ ಅಮ್ಮನನ್ನು ಎತ್ತಿಬಿಟ್ಟೆ. "ಇಳಸ, ಇಳಸಲೇ! ನಡಾ ಮುರೀತಿ! ಪೆರು ಎಲ್ಲೈತಿ?" ನನಗೂ ಸರಿಯಾಗಿ ಗೊತ್ತಿಲ್ಲ. ಇಬ್ಬರೂ ಅಪ್ಪನ ಹಳೆಯ ಅಟ್ಲಾಸ್ ಹುಡುಕಿದೆವು.

ಜನವರಿ 9, ಶುಕ್ರವಾರ. ಬೆಳಿಗ್ಗೆ

ಸೂಟ್‌ಕೇಸು ಮುಚ್ಚಿದೆ, ಮೇಲೆ ಕೂತು. ಪಾಸ್‌ಪೋರ್ಟ್ ಇದೆ. ಕಾಕಾ ಕಳಿಸಿದ ಮೊದಲ ಶಾಲು ಇದೆ, ಮಾದರಿ ಅಂತ ಬರೆದ ಚೀಟಿಯ ಸಮೇತ — ಉಡುಗೊರೆ ಅಲ್ಲ ಅಂತ ಎರಡು ಸಲ ಹೇಳಿಸಿದ್ದಾರೆ.

ಅಪ್ಪ ಹೊರಗಿನಿಂದ ಕೂಗಿದರು, ನಬಿಸಾಬರ ಗಾಡಿ ಬಂತು. ಎದ್ದು ಚಪ್ಪಲಿಯ ಕಡೆ ನಡೆದಿದ್ದೆ.

"ಎಲ್ಲಿ ಓಡ್ತಿ? ಕುಂಡ್ರು ಅಲ್ಲೇ." ಅಮ್ಮ, ಒಳಗಿನಿಂದ.

ಅದಕ್ಕೇ ಕೂತು ಬರೆಯುತ್ತಿದ್ದೇನೆ. ಡಬ್ಬಿಯ ಮುಚ್ಚಳ ತೆಗೆದ ಸದ್ದು. ದೊಡ್ಡ ಡಬ್ಬಿಯಲ್ಲ, ಯಮನವ್ವ ಕಾಕುವಿನ ಅಕ್ಕಿ ಎತ್ತಿಟ್ಟ ಆ ಬೇರೆಯದು. ಮೊರಕ್ಕೆ ಅಕ್ಕಿ ಬೀಳುತ್ತಿದೆ. ಹುಡುಕಿದರೆ ದುಪ್ಪಟ್ಟಾ ಸೂಟ್‌ಕೇಸಿನಲ್ಲಿ ಸೇರಿಹೋಗಿದೆ, ಇನ್ನೇನು ಒಡ್ಡಲಿ, ಅಮ್ಮ ಬಂದಳು —