ನಾನು ಎತ್ತಿಟ್ಟ ರಿಸೀವರು

ಪಕ್ಕದ ಮನೆಯ ಗೆಳತಿ ವಿಮಲಾ,

ಚಂದ್ರಾ ಲೇಔಟಿನ ನಮ್ಮಿಬ್ಬರ ಮನೆಗಳ ನಡುಗೋಡೆಗೆ ಲೈನ್‌ಮ್ಯಾನ್ ಆ ಬೂದು ಡಬ್ಬಿ ಹೊಡೆದ ದಿನ ನೆನಪಿದೆಯಾ? "ಕೇಬಲ್ ಸಾಲಲ್ಲ ಮೇಡಂ. ಇಬ್ರಿಗೂ ನಂಬರ್ ಬೇರೆ, ತಂತಿ ಒಂದೇ. ಒಬ್ರು ಮಾತಾಡ್ತಿದ್ರೆ ಇನ್ನೊಬ್ರದ್ದು ಸತ್ತಂಗೆ," ಎಂದಿದ್ದ. ನೀನು ನಗುತ್ತಾ ಅವನಿಗೆ ಕಾಫಿ ಕೊಟ್ಟೆ.

ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ನಿನ್ನ ಫೋನು ಬಡಿದುಕೊಳ್ಳುತ್ತಿತ್ತು. ಹಾಸನದ ಬೂತಿನಿಂದ ನಿನ್ನ ಅಕ್ಕ ಗಿರಿಜಕ್ಕ. ಕಿಟಕಿಯಿಂದ ನಿನ್ನ ನಗು ಕೇಳುತ್ತಿತ್ತು, ನಾನು ರಿಸೀವರ್ ಎತ್ತಿದರೆ ಸದ್ದೇ ಇಲ್ಲ. ಅಲ್ಲ ಕಣೇ, ನನಗೆ ಯಾರು ಮಾಡುತ್ತಿದ್ದರು? ಗ್ಯಾಸಿನವರು, ಬಿಟ್ಟರೆ ರಾಂಗ್ ನಂಬರು. ಹೊಟ್ಟೆ ಉರಿಯದೆ ಇನ್ನೇನು...

ನಿನ್ನ ಮಗಳ ನಾಮಕರಣದಲ್ಲಿ ಅಕ್ಕತಂಗಿ ಏನೋ ಸಣ್ಣ ಮಾತಿಗೆ ಮುನಿಸಿಕೊಂಡಿರಲ್ಲ, ಅದರ ಮುಂದಿನ ಭಾನುವಾರ. ಹತ್ತಕ್ಕೆ ಐದು ನಿಮಿಷವಿರುವಾಗ ನಾನು ನಮ್ಮ ರಿಸೀವರ್ ಎತ್ತಿ ಪಕ್ಕಕ್ಕಿಟ್ಟು ಮೇಲೆ ಟವೆಲ್ ಹೊದಿಸಿದೆ. ಒಂದು ದಿನ ನೀನೂ ನನ್ನ ಹಾಗೆ ಕಾದು ಕೂರಲಿ ಅಂತ, ಅಷ್ಟೇ. ಹನ್ನೊಂದಕ್ಕೆ ನೀನು ಬಂದೆ. "ಅಕ್ಕ ಮಾಡ್ಲೇ ಇಲ್ಲ. ನಿಂದೇನಾದ್ರೂ ಫೋನ್ ಇತ್ತೇನೇ?"

"ನಂಗ್ಯಾರು ಮಾಡ್ತಾರೆ?" ಎಂದೆ.

ಮಧ್ಯಾಹ್ನದವರೆಗೂ ನೀನು ನಮ್ಮ ಅಡುಗೆಮನೆಯಲ್ಲೇ ಕೂತಿದ್ದೆ. ಅದರ ರುಚಿ ಹತ್ತಿ ಇನ್ನೆರಡು ವಾರ ಎತ್ತಿಟ್ಟೆ. ನಾಲ್ಕನೆಯ ವಾರ ಅದರ ಅಗತ್ಯವೇ ಬರಲಿಲ್ಲ, ಗಿರಿಜಕ್ಕ ಮಾಡುವುದನ್ನೇ ಬಿಟ್ಟಿದ್ದರು. ನೀನೂ ಹಟಮಾರಿ, ನೀನಾಗಿ ಮಾಡಲಿಲ್ಲ. ಸಾಯುವವರೆಗೂ.

ನಿನ್ನ ವೈಕುಂಠ ಸಮಾರಾಧನೆಗೆ ಅವರು ಬಂದಿದ್ದರು. ಎಲೆಯ ಮುಂದೆ ಕೂತು ಅತ್ತರು. "ಮೂರು ವಾರ ಮಾಡ್ದೆ ಕಣಮ್ಮ, ಬರೀ ಎಂಗೇಜು. ನನ್ ಮೇಲಿನ ಕೋಪಕ್ಕೆ ಎತ್ತಿಟ್ಬಿಟ್ಲು." ನನಗಾಗಿ ಹೀಗೆ ಅಳುವವರು ಯಾರಿದ್ದಾರೆ ಎಂದು ಆಗಲೂ ಕರುಬಿದೆ. ಪಾಯಸ ಬಡಿಸಿ ಮುಂದಿನ ಎಲೆಗೆ ಹೋದೆ.

ನಿನ್ನೆ ತಡೆಯಲಾರದೆ ಅವರ ಮೊಬೈಲಿಗೆ ಮಾಡಿ ಎಲ್ಲ ಹೇಳಿದೆ. ಉಗಿಯಲಿ, ಶಾಪ ಹಾಕಲಿ ಎಂದು ಕಾದೆ.

"ಹಂಗಾದ್ರೆ ವಿಮ್ಲಿ ಎತ್ತಿಟ್ಟಿರ್ಲಿಲ್ವಾ?"

"ಇಲ್ಲ ಅಕ್ಕ. ನಾನೇ."

"ಇನ್ನೊಂದ್ಸಲ ಹೇಳು."

ಮತ್ತೆ ಮತ್ತೆ ಹೇಳಿಸಿದರು. ಅತ್ತರು, ನಕ್ಕರು, ಯಾರನ್ನೋ ಕೂಗಿ ಕರೆದು "ನಮ್ ವಿಮ್ಲಿ ಎತ್ತಿಟ್ಟಿರ್ಲಿಲ್ವಂತೆ" ಎಂದರು. ನನ್ನನ್ನು ಬೈಯುವುದಕ್ಕೂ ಅವರಿಗೆ ಪುರುಸೊತ್ತಿರಲಿಲ್ಲ ಕಣೇ, ನೀನು ಸಿಕ್ಕಿಬಿಟ್ಟಿದ್ದೆಯಲ್ಲ.